ಡಾಬಸ್‌ಪೇಟೆ ನಾಮಮೀಮಾಂಸೆ

ಶಿವಗಂಗೆಯ ಬೆಟ್ಟ ಪೂರ್ವದಿಂದ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂಬುದು ಲೋಕಪ್ರಸಿದ್ಧ. ಆ ಬೆಟ್ಟಕ್ಕೆ ಹೋಗುವವರು ಬಸ್ ಇಳಿಯುವ ಡಾಬಸ್‌ಪೇಟೆಯ ಹೆಸರೂ ನಿಂತ ದಿಕ್ಕಿಗೊಂದು ರೂಪ ತಾಳುವುದು ಸಹವಾಸದೋಷವೇ ಸರಿ.

ಮೊದಲನೆಯವರು ಢಾಬಾವಾದಿಗಳು. ತುಮಕೂರು ಹೆದ್ದಾರಿಯ ಬದಿ ಢಾಬಾಗಳಿವೆ, ಒಂದಲ್ಲ, ಅನೇಕ, ಆದ್ದರಿಂದ ‘ಢಾಬಾಸ್’. ತಂದೂರಿ ರೊಟ್ಟಿ ಈ ಸೀಮೆಗೆ ಬರುವ ಮೊದಲೇ ಹೆಸರಿತ್ತಲ್ಲ ಎಂದರೆ, ಹಸಿವು ಅದಕ್ಕೂ ಹಿಂದಿನದು ಎನ್ನುತ್ತಾರೆ. ಸಂಕ್ರಾಂತಿಯ ಗಿರಿಜಾ ಕಲ್ಯಾಣಕ್ಕೆ ಬಂದವರು ಬಸ್ ಹತ್ತುವಾಗ ಒಬ್ಬರನ್ನೊಬ್ಬರು ದಬ್ಬುವುದೇ ಮೂಲವೆಂಬ ‘ದಬ್ಬುವಾದ’ವೂ ಉಂಟು, ಅದು ಅನುಭವಸಿದ್ಧ, ಶಾಸ್ತ್ರಸಿದ್ಧವಲ್ಲ.

ಆಭರಣಪಂಥ ಹೆಚ್ಚು ಗಂಭೀರವಾದದ್ದು. ಬೆಟ್ಟದ ಗುಹೆಯಲ್ಲಿರುವವಳು ಹೊನ್ನಾದೇವಿ. ಹೊನ್ನೆಂದ ಮೇಲೆ ಸೊಂಟಕ್ಕೆ ಡಾಬು ಇರಲೇಬೇಕು. ಆದರೆ ಪೇಟೆ ಇರುವುದು ಬೆಟ್ಟದ ಸೊಂಟದಲ್ಲಲ್ಲ, ಕಾಲಿನಾಚೆ. ಹಾಗಾದರೆ ಊರು ಗೆಜ್ಜೆಪೇಟೆ ಆಗಬೇಕಿತ್ತು. ಈ ಆಕ್ಷೇಪದಿಂದ ಪಂಥ ಒಡೆದು, ಒಂದು ಬಣ ಡಾಬನ್ನು ಹೊಯ್ಸಳರ ರಾಣಿ ಶಾಂತಲೆಗೆ ವರ್ಗಾಯಿಸಿದೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಡಾಬಿನ ಸುದ್ದಿ ಎತ್ತುವುದಿಲ್ಲ.

ಇನ್ನು ನಾಲ್ಕನೆಯ ದಿಕ್ಕು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದವರು ರಿಚರ್ಡ್ ಸ್ಟುವರ್ಟ್ ಡಾಬ್ಸ್. 1882ರಲ್ಲಿ ಮೈಸೂರಿನ ನೆನಪುಗಳ ಪುಸ್ತಕವನ್ನೂ ಪ್ರಕಟಿಸಿದರು. ಊರಿಗೆ ಅವರದೇ ಹೆಸರು. ನಮ್ಮಲ್ಲಿ ರಾಮಚಂದ್ರ ಚಂದ್ರುವಾದಂತೆ ಅವರಲ್ಲಿ ರಾಬರ್ಟ್ ರಾಬ್ ಆಗಿ, ಪ್ರಾಸದ ಚಟಕ್ಕೆ ಡಾಬ್ ಆಗಿ, ಡಾಬನ ಮಗ ಡಾಬ್ಸ್ ಆದ. ಇಷ್ಟು ಸುಲಭವಾಗಿ ಬಗೆಹರಿಯುವ ಪ್ರಶ್ನೆ ವಿದ್ವತ್ತಿಗೆ ಶೋಭೆಯಲ್ಲವಾದ್ದರಿಂದ ಮುಂದುವರಿಯೋಣ.

ಸಾಹೇಬರ ಹೆಸರು ಹೊತ್ತ ಪೇಟೆಗಳಿಗೆ ಆಯಸ್ಸು ಕಡಿಮೆ. ಬ್ಯಾರಿ ಕ್ಲೋಸ್ ಹೆಸರಿನ ಕ್ಲೋಸ್‌ಪೇಟೆ ರಾಮನಗರವಾಯಿತು. ಬಂಡೆಯ ಹೆಸರು ಮಾತ್ರ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಅದರ ವಯಸ್ಸು ಸುಮಾರು 250 ಕೋಟಿ ವರ್ಷವಾದ್ದರಿಂದ ಕ್ಲೋಸ್ ಸಾಹೇಬರು ಬಹಳ ಬೇಗ ಬಂದಿದ್ದರೆಂದು ಊಹಿಸಬಹುದು. 2014ರಲ್ಲಿ ಪಕ್ಕದ ತುಮಕೂರಿಗೂ ಇಂಗ್ಲಿಷಿನಲ್ಲಿ ಹೊಸ ಕಾಗುಣಿತ ಬಂತು. ಡಾಬಸ್‌ಪೇಟೆಗೆ ಏನೂ ಆಗಲಿಲ್ಲ. ಸೋಂಪುರ ಹೋಬಳಿಯೊಳಗೇ ಇದ್ದರೂ ಬಸ್ಸಿನ ಫಲಕದ ಮೇಲೆ ಡಾಬ್ಸರೇ.

ಕಾರಣ, ನಾನು ಮಂಡಿಸುವ ‘ತುಪ್ಪ–ಬೆಣ್ಣೆ ನಿಯಮ’. ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂದು ಭಕ್ತರು ಹೇಳುತ್ತಾರೆ. ಅಂದರೆ ಈ ಸೀಮೆಯಲ್ಲಿ ಯಾವುದೇ ಪದಾರ್ಥ ಹಿಂದಿನ ಅವಸ್ಥೆಗೆ ಮರಳುತ್ತದೆ. ಮನೆತನದ ಹೆಸರು ಊರಾಯಿತು. ನಿಯಮದ ಪ್ರಕಾರ ಊರು ಮತ್ತೆ ಮನೆತನದ ಹೆಸರಾಗಬೇಕು. ಹಳೇ ಮೈಸೂರಿನವರು ಊರಿನ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುವುದು ರೂಢಿ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪದೆ ಬಿಡಿಸಿ ಬರೆ ಎಂದರೆ, ಇಲ್ಲಿಯ ಹುಡುಗನ ಸರ್‌ನೇಮ್ ಡಾಬಸ್‌ಪೇಟೆ.

ನ್ಯೂಯಾರ್ಕ್ ರಾಜ್ಯದ ಹಡ್ಸನ್ ದಡದಲ್ಲಿ ಡಾಬ್ಸ್ ಫೆರಿ ಎಂಬ ಊರಿದೆ. ಅದು ದೋಣಿ ಕಡವು ನಡೆಸುತ್ತಿದ್ದ ಇನ್ನೊಂದು ಡಾಬ್ಸ್ ಮನೆತನದ್ದು. 1873ರಲ್ಲಿ ಗ್ರೀನ್‌ಬರ್ಗ್ ಎಂದು ಬದಲಾದದ್ದು 1882ರಲ್ಲಿ ವಾಪಸ್ ಡಾಬ್ಸ್ ಫೆರಿ. ತುಪ್ಪ–ಬೆಣ್ಣೆ ನಿಯಮ ಸಾಗರೋತ್ತರವೂ ಹೌದು. ನಮ್ಮ ಹುಡುಗ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ಅಲ್ಲಿ ಮನೆ ಹಿಡಿದರೆ, ನೆರೆಯವರು ‘ನಿಮ್ಮ ಮನೆತನ ಇಲ್ಲಿಯದೇ?’ ಎಂದು ಕೇಳುವುದು ಖಚಿತ. ಹೌದೆನ್ನಲಿ; ಬಾಡಿಗೆ ಕಡಿಮೆಯಾದೀತು.