ದಿನಕ್ಕೆ ಮುನ್ನೂರು ಕಿಲೋಮೀಟರ್ ಆರಾಮು

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿ, ಮೋರಿ ಕಲ್ಲಿಗೆ ಚಕ್ರ ತಾಗಿಸಿಕೊಂಡು ನಿಂತಿತ್ತು ಆ ಹಳದಿ ಬೋರ್ಡಿನ ಇನ್ನೋವಾ. ತಲೆಯ ಮೇಲೆ ಕ್ಯಾರಿಯರ್, ಬಂಪರಿಗೆ ಒಣಗಿದ ನಿಂಬೆಹಣ್ಣು, ಹಿಂದಿನ ಸೀಟಿನ ಸಂದಿಯಲ್ಲಿ ಹೋದ ಟ್ರಿಪ್ಪಿನ ಚುರುಮುರಿ. ಡ್ರೈವರು ಟೀಗೆ ಹೋಗಿದ್ದ. ಸಮಯ ನೋಡಿ ಗಾಡಿಯನ್ನೇ ಮಾತಿಗೆಳೆದೆ.

ಈ ಬೀದಿಯ ಮನೆಯವರೇ ಮೂರು ದಿನ ಆರಾಮಾಗಿ ಸುತ್ತಾಡಬೇಕು ಅಂತ ನಿಮ್ಮನ್ನು ಬುಕ್ ಮಾಡಿದ್ದರಂತೆ?

ಆರಾಮು ಅಂದ ತಕ್ಷಣ ನನ್ನ ಕ್ಲಚ್ ಪ್ಲೇಟ್ ಬಿಸಿಯಾಗುತ್ತೆ ಸಾರ್. ಆರಾಮು ಅನ್ನೋರೇ ಬೆಳಗಿನ ಜಾವ ನಾಲ್ಕೂವರೆಗೆ ಗಾಡಿ ಬಾಗಿಲಲ್ಲಿರಲಿ ಅಂತಾರೆ. ತುರ್ತು ಕೆಲಸ ಇರೋರು ಒಂಬತ್ತಕ್ಕೆ ತಿಂಡಿ ತಿಂದ್ಕೊಂಡು ಹೊರಡ್ತಾರೆ.

ಅದೇನು ಅಷ್ಟು ಅವಸರ?

ಎಲ್ಲಾ ಆ ಮುನ್ನೂರರ ಮಹಿಮೆ. ದಿನಕ್ಕೆ ಮಿನಿಮಮ್ 300 ಕಿಲೋಮೀಟರ್ ಅಂತ ನಮ್ಮ ಓನರ್ ಕರಾರು. ಓಡಿಸಿದ್ರೂ ಅಷ್ಟೇ, ನಿಲ್ಲಿಸಿದ್ರೂ ಅಷ್ಟೇ. ಮೇಲೆ ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು. ಮೊದಲ ದಿನ ಹೋದ ಶ್ರೀರಂಗಪಟ್ಟಣ ಇಲ್ಲಿಂದ ಹದಿನಾರು ಕಿಲೋಮೀಟರ್ ಆದರೆ ಹೆಚ್ಚು. ಪಕ್ಕದಲ್ಲೇ ರಂಗನತಿಟ್ಟು, ಸಲೀಂ ಅಲಿಯವರ ಮಾತು ಕೇಳಿ 1940ರಲ್ಲೇ ಹಕ್ಕಿಗಳಿಗೆ ಬಿಟ್ಟುಕೊಟ್ಟ ಜಾಗ. ಕೊಕ್ಕರೆಗಳು ಒಂದೇ ಕಾಲಲ್ಲಿ ದಿನವಿಡೀ ನಿಂತಿರ್ತವೆ, ಅವಕ್ಕೆ ಮಿನಿಮಮ್ ಇಲ್ಲ. ಆ ಮನೆ ಯಜಮಾನರು ಮಾತ್ರ ಬೋಟಿಂದ ಇಳಿದವರೇ ಮೀಟರ್ ನೋಡಿ, ‘ಇನ್ನೂ ಇನ್ನೂರೈವತ್ತರ ಮೇಲೆ ಬಾಕಿ ಇದೆಯಲ್ಲೋ!’ ಅಂದ್ರು. ಆಮೇಲೆ ಸೋಮನಾಥಪುರ, ತಲಕಾಡು, ಮುಡುಕುತೊರೆ, ಶಿವನಸಮುದ್ರ. ಕತ್ತಲಾದ ಮೇಲೆ ಜಲಪಾತದ ಸದ್ದು ಕೇಳಿಸ್ಕೊಂಡು, ಅದನ್ನೂ ನೋಡಿದ ಲೆಕ್ಕಕ್ಕೆ ಸೇರಿಸಿದ್ರು.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲವೇ?

ಅಜ್ಜಿ ಅಂದ್ರು. ಗಂಜಾಮಿನ ನಿಮಿಷಾಂಬ ದೇವಸ್ಥಾನದಲ್ಲಿ ಕೈ ಮುಗಿದು, ಹೊಳೆ ಮೆಟ್ಟಿಲ ಮೇಲೆ ಕೂತು, ಸೀರೆ ನೆರಿಗೆ ಎತ್ತಿ ಸಿಗಿಸ್ಕೊಂಡು ಕಾಲು ನೀರಿಗೆ ಬಿಟ್ರು. ಮೀನು ಬಂದು ಹಿಮ್ಮಡಿ ಕಚ್ತಾ ಇದ್ರೆ ಒಬ್ಬೊಬ್ಬರೇ ನಗ್ತಾ ಇದ್ರು. ‘ನಾನು ಇಲ್ಲೇ ಇರ್ತೀನಿ, ನೀವೆಲ್ಲ ನೋಡ್ಕೊಂಡು ಬನ್ನಿ’ ಅಂದ್ರು. ಬಿಟ್ಟಾರೆಯೇ? ಏಳು ಸೀಟಿಗೆ ಬಾಡಿಗೆ ಕೊಟ್ಟಿದ್ದಾರೆ. ಎಬ್ಬಿಸಿ, ಒದ್ದೆ ಕಾಲಲ್ಲೇ ಕೂರಿಸಿದ್ರು.

ಸೋಮನಾಥಪುರ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಾದರೂ ನಿಧಾನ?

ಗೈಡುಗಳು ನನಗೆ ಒರಗಿಕೊಂಡು ಮಾತಾಡೋದರಿಂದ ವಿಷಯ ಗೊತ್ತು. ಮಲ್ಲಿತಮ್ಮ ಅನ್ನೋ ಶಿಲ್ಪಿ ತಾನು ಮಾಡಿದ ವಿಗ್ರಹಗಳ ಬುಡದಲ್ಲಿ ಹೆಸರು ಕೆತ್ತಿದ್ದಾನೆ. ಓದಬೇಕಾದರೆ ಬಗ್ಗಬೇಕು. ಬಗ್ಗೋಕೆ ಇವರಿಗೆ ಟೈಮೆಲ್ಲಿ? ಜಗತಿ ಮೇಲೆ ಒಂದು ಸುತ್ತು, ಸೆಲ್ಫಿ, ಮುಗೀತು. ಎಳನೀರಿನವನ ಹತ್ತಿರ ಐದು ರೂಪಾಯಿ ಚೌಕಾಸಿ ಮಾಡೋಕೆ ಮಾತ್ರ ಇಪ್ಪತ್ತು ನಿಮಿಷ.

(ಮಲ್ಲಿತಮ್ಮನಿಗೂ ದಿನಕ್ಕೆ ಮಿನಿಮಮ್ ಇಷ್ಟು ವಿಗ್ರಹ ಅಂತ ಯಾರಾದರೂ ಕರಾರು ಹಾಕಿದ್ದರೆ ನಮಗೆ ದಕ್ಕುತ್ತಿದ್ದುದು ಚಪ್ಪಡಿ ಕಲ್ಲು.)

ಆ ಯಜಮಾನರ ಮಗಳು ಡಬ್ಲಿನ್‌ನಲ್ಲಿದ್ದಾಳೆ. ಮುಂದಿನ ಸಲ ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಬಾಡಿಗೆ ಕಾರಿನಲ್ಲಿ ಸುತ್ತಾಟವಂತೆ?

ವಿಡಿಯೋ ಕಾಲ್ ನನ್ನೊಳಗೇ ನಡೀತು ಸಾರ್, ಸ್ಪೀಕರ್ ಹಾಕ್ಕೊಂಡು. ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸೋದಂತೆ. ಹಳ್ಳಿ ದಾರಿ ನಡುವೆ ಹುಲ್ಲು ಬೆಳೆದಿರುತ್ತೆ, ಎರಡೂ ಕಡೆ ಕಲ್ಲುಗೋಡೆ, ಎದುರಿಗೆ ಕುರಿ ಬಂದ್ರೆ ಕುರಿಯದೇ ಹಕ್ಕು. ಅಂಥ ರಸ್ತೆಗಳಲ್ಲಿ 80 ಇದ್ದ ವೇಗದ ಮಿತಿಯನ್ನ 2025ರ ಫೆಬ್ರವರಿಯಿಂದ 60ಕ್ಕೆ ಇಳಿಸಿದ್ದಾರೆ. ‘ಅಪ್ಪಾ, ಒಂದೇ ಊರಲ್ಲಿ ನಾಲ್ಕು ದಿನ ಇದ್ದು ಸುಮ್ನೆ ಅಡ್ಡಾಡೋಣ’ ಅಂತ ಆ ಹುಡುಗಿ ಬೇಡ್ಕೊಂಡಳು. ಇವರು ಕೇಳಿದ್ದು ಒಂದೇ: ‘ದಿನಕ್ಕೆ ಎಷ್ಟು ಪ್ಲೇಸ್ ಕವರ್ ಆಗುತ್ತೆ ಪುಟ್ಟಿ?’ ಕೆರ್ರಿ ಸುತ್ತುದಾರಿ 179 ಕಿಲೋಮೀಟರ್ ಅಂದಳು. ‘ಅಷ್ಟೇನಾ? ಹಾಗಾದ್ರೆ ಎರಡು ಸಲ ಹೋಗಿ ಬರಬಹುದು’ ಅಂದ್ರು. ಅಲ್ಲಿನ ಕುರಿಗಳಿಗೆ ಈಗಲೇ ಸುದ್ದಿ ಮುಟ್ಟಿಸಿ.

ಇಲ್ಲೂ ಬಾಡಿಗೆಗೆ ಪಡೆದವರೇ ಓಡಿಸುವ ಕಪ್ಪು ಬೋರ್ಡಿನ ಗಾಡಿಗಳು ನಿಮ್ಮ ಹೊಟ್ಟೆ ಮೇಲೆ ಹೊಡೆದಿಲ್ಲವೇ?

ಪಾಪ, ಅವುಗಳ ಪಾಡು ಬೇರೆ. ತಗೊಳ್ಳುವಾಗ ಮೈಮೇಲಿನ ಗೀರುಗಳ ಫೋಟೋ, ವಾಪಸ್ ಕೊಡುವಾಗಲೂ ಫೋಟೋ. ಊರು ಸುತ್ತಿದವರ ಫೋನಿನಲ್ಲಿ ಬೆಟ್ಟಕ್ಕಿಂತ ಬಂಪರ್ ಜಾಸ್ತಿ.

ಸರಿ, ಮತ್ತೆ ನಿಮ್ಮ ಟ್ರಿಪ್ಪಿಗೆ ಬರೋಣ. ಎರಡನೇ ದಿನ?

ಊಟಿ, ಒಂದೇ ದಿನದಲ್ಲಿ ಹೋಗಿ ಬರೋದು! ಇ-ಪಾಸ್ ಮಾಡಿಸಿ, ಟೀ ಸೊಪ್ಪು ತಗೊಂಡು, ಹಿಂದಿರುಗುವಾಗ ಪೂರ್ತಿ ಗಡಿಯಾರದ ಮೇಲೆ ಕಣ್ಣು. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬಿದ್ರೆ ಬೆಳಿಗ್ಗೆ ಆರಕ್ಕೇ ತೆಗೆಯೋದು. 2009ರಿಂದಲೂ ಇದೇ ಕಟ್ಟು. ದಾರೀಲಿ ಆನೆ ಹಿಂಡು ಕಂಡ್ರೆ ನೋಡೋಕೇ ಅಲ್ವೇ ಸಾರ್ ಬಂದಿದ್ದು? ‘ಥೂ, ಈಗಲೇ ಅಡ್ಡ ಬರಬೇಕಿತ್ತೇ!’ ಅಂತ ಬೈದ್ರು.

ಪ್ರವಾಸದಲ್ಲಿ ನಿಮಗೆ ಇಷ್ಟದ ಜಾಗ ಯಾವುದು?

ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಖಾಸಗಿ ಗಾಡಿಗಳನ್ನ ಮೇಲಕ್ಕೆ ಬಿಡಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಲ್ಲಿ ಹೋಗಬೇಕು. ಬಸ್ಸಿಗೆ ಕಾಯುತ್ತಾ ಇವರು ಬೇರೆ ದಾರಿ ಕಾಣದೆ ಒಂದಷ್ಟು ಹೊತ್ತು ಸುಮ್ಮನೆ ಕೂತ್ರು. ಮೊಮ್ಮಗ ಮೋಡ ನೋಡಿದ. ಯಜಮಾನರು ಮಾತ್ರ ಆ ಬಸ್ಸಿನ ಕಿಲೋಮೀಟರನ್ನ ನಮ್ಮ ಮುನ್ನೂರಲ್ಲಿ ಹಿಡೀಬಹುದಾ ಅಂತ ಡ್ರೈವರನ್ನ ಕೇಳ್ತಾ ಇದ್ರು.

ನಿಮಗೆ ನಿಜವಾದ ರಜೆ ಅಂತ ಯಾವಾಗಲಾದರೂ ಸಿಕ್ಕಿದೆಯೇ?

ಎಫ್.ಸಿ. ದಿನ ಸಾರ್, ಗಾಡಿಯ ಫಿಟ್‌ನೆಸ್ ತಪಾಸಣೆ. ತೊಳೆದು ಒರೆಸಿ ಆರ್‌ಟಿಓ ಆಫೀಸಿನ ಸಾಲಲ್ಲಿ ನಿಲ್ಲಿಸಿಬಿಡ್ತಾರೆ. ಬೆಳಗಿಂದ ಸಂಜೆವರೆಗೆ ನೆರಳಲ್ಲಿ ನಿಂತು ಅಕ್ಕಪಕ್ಕದ ಗಾಡಿಗಳ ಜೊತೆ ಹರಟೆ. ‘ಇವತ್ತು ಎಷ್ಟು ಓಡಿದೆ’ ಅಂತ ಯಾರೂ ಕೇಳಲ್ಲ. ಮುಂದಿನ ಸಲ ನಿಮಗೂ ಆರಾಮು ಬೇಕಾದ್ರೆ ಹೇಳಿ, ಆವತ್ತಿಗೇ ಬುಕ್ ಮಾಡಿಸ್ತೀನಿ. ಮಿನಿಮಮ್ 300 ಮಾತ್ರ ಕಟ್ಟಬೇಕಾಗುತ್ತೆ.