ಸಮುದ್ರ ಎಷ್ಟು ಟಿಎಂಸಿ?

ಘಟಪ್ರಭೆಯ ದಂಡೆಯ ಯಾವ ಊರಿಗೇ ಹೋಗಿ, ಅಲ್ಲೊಬ್ಬ ಏಡಿ ಕಾಕಾ ಇರುತ್ತಾರೆ. ಗೋಕಾಕದ ಓಣಿಯಲ್ಲಿದ್ದಾರೆ, ಮೂಡಲಗಿಯ ತೋಟದ ಮನೆಯಲ್ಲಿದ್ದಾರೆ, ಹುಕ್ಕೇರಿಯ ಚಹಾದಂಗಡಿಯಲ್ಲಂತೂ ಬೆಳಿಗ್ಗೆ ಎಂಟಕ್ಕೆ ಖಾತ್ರಿ ಸಿಗುತ್ತಾರೆ. ವಯಸ್ಸು ಐವತ್ತೈದರ ಆಚೀಚೆ. ಬಲಗೈ ತೋರುಬೆರಳಿನ ಮೇಲೊಂದು ಬಿಳಿ ಗೆರೆ. ಅದು ಏಡಿ ಹಿಡಿದ ಗುರುತು ಎಂದು ಕಾಕಾ ಹೇಳುತ್ತಾರೆ. ಕಬ್ಬು ಕಡಿಯುವಾಗ ಕುಡುಗೋಲು ತಾಗಿದ್ದು ಎಂದು ಕಾಕು ಹೇಳುತ್ತಾರೆ. ಗಾಯ ಮದುವೆಗೆ ಮುಂಚಿನದಾದ್ದರಿಂದ ಕಾಕುವಿನ ಸಾಕ್ಷಿ ನಡೆಯುವುದಿಲ್ಲ.

ಕಾಕಾನ ವಿದ್ಯೆ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಹೊಳೆಯ ಮಡುವಿನಲ್ಲಿ ಯಾವ ಕಲ್ಲಿನ ಕೆಳಗೆ ಏಡಿ ಇದೆ, ಯಾವುದರ ಕೆಳಗಿಲ್ಲ ಎಂಬುದು ಅವರಿಗೆ ದಂಡೆಯ ಮೇಲಿಂದಲೇ ಗೊತ್ತಾಗುತ್ತಿತ್ತು. ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆ ಬಿದ್ದಿದ್ದರೆ ಒಳಗೆ ಏಡಿ. ಬಾಯಿ ನುಣ್ಣಗಿದ್ದರೆ ಕೈ ಹಾಕಬಾರದು, ಒಳಗಿರುವವನ ಜಾತಿ ಬೇರೆ. ಮೊದಲ ಮಳೆಗೆ ಗದ್ದೆಯ ಬದುವಿನ ಮೇಲೆ ಏಡಿಗಳು ಹೊರಟಾಗ ಹಿಂದಿನಿಂದ ಬೆನ್ನ ಚಿಪ್ಪು ಹಿಡಿದು ಎತ್ತುವ ಕಲೆಯನ್ನು ಊರಿನ ಮೂರು ತಲೆಮಾರು ಅವರಿಂದ ಕಲಿತಿದೆ. ಹಿಡಿದದ್ದನ್ನು ಅಲ್ಲೇ ಹಂಚಿಬಿಡುತ್ತಿದ್ದರು. ಯಾಕೆಂದರೆ ಏಡಿ ಕಾಕಾ ಏಡಿ ತಿನ್ನುವುದಿಲ್ಲ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಶ್ರಾವಣದಲ್ಲಿ ಉಳ್ಳಾಗಡ್ಡಿಯನ್ನೂ ಬಿಡುತ್ತಾರೆ. "ಹಿಡಿಯೂದು ಬ್ಯಾರೆ, ತಿನ್ನೂದು ಬ್ಯಾರೆ. ತಿನ್ನೂದು ಯಾರಿಗಿ ಬರಂಗಿಲ್ಲ?" ಎಂಬುದು ಅವರ ವಾದ.

ತೊಂದರೆ ಶುರುವಾಗುವುದು ಈ ವಿದ್ಯೆಯನ್ನು ಅವರು ಮೇ ತಿಂಗಳಲ್ಲಿ ಸಮುದ್ರಕ್ಕೆ ತೆಗೆದುಕೊಂಡು ಹೋದಾಗ.

ನಮ್ಮ ಕಡೆಯ ಬೇಸಿಗೆ ಟ್ರಿಪ್ಪಿಗೆ ಒಂದು ಪಂಚಾಂಗವಿದೆ. ಬಸವ ಜಯಂತಿ ಮುಗಿಯಬೇಕು, ರೋಹಿಣಿ ಮಳೆ ಇನ್ನೂ ಹೂಡಿರಬಾರದು, ನಡುವೆ ಬೀಗರ ಮದುವೆ ಇರಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಿರಬೇಕು. ಪೂರ್ತಿ ಬಂದರೆ ಗೋವಾ, ಅರ್ಧ ಬಂದರೆ ಗೋಕರ್ಣ, ಬಾರದಿದ್ದರೆ ಗೋಡಚಿನಮಲ್ಕಿಯ ಒಣ ಬಂಡೆ. ನಾನು ಜೊತೆಗೆ ಹೋದ ವರ್ಷ ಅರ್ಧ ಬಂದಿತ್ತು.

ಹುಕ್ಕೇರಿ ಕಡೆಯ ಕಾಕಾಗಳದು ಬೇರೆ ದಾರಿ. ಅವರು ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಅಂಬೋಲಿ ಘಾಟ್ ಇಳಿದು ಸಾವಂತವಾಡಿ ಮೇಲೆ ವೆಂಗುರ್ಲೆಗೋ ಮಾಲವಣಕ್ಕೋ ಹೋಗುತ್ತಾರೆ. ಅಂಬೋಲಿಯಲ್ಲಿ ಹಿರಣ್ಯಕೇಶಿ ಹುಟ್ಟುವ ಗವಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಬಾಟಲಿಗೆ ನೀರು ತುಂಬಿ, "ಇದು ನಮ್ಮ ನೀರ, ಇಲ್ಲಿ ಸುಮ್ನ ಹುಟ್ಟೇತಿ ಅಷ್ಟ" ಎಂದು ಅಲ್ಲಿಯ ಪೂಜಾರಿಗೆ ತಿಳಿಸಿ ಮುಂದೆ ಹೋಗುತ್ತಾರೆ. ಒಂದು ಲೆಕ್ಕಕ್ಕೆ ಅವರ ಮಾತು ವಿಚಾರ ಮಾಡುವಂಥದ್ದೇ. ಹಿರಣ್ಯಕೇಶಿ, ಘಟಪ್ರಭೆ ಎರಡೂ ಅರಬ್ಬಿ ಸಮುದ್ರದ ಹತ್ತಿರದ ಘಟ್ಟದಲ್ಲಿ ಹುಟ್ಟಿ, ಅದಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ಹೊರಟು, ಕೃಷ್ಣೆಯನ್ನು ಕೂಡಿ, ಬಂಗಾಳ ಕೊಲ್ಲಿಯವರೆಗೆ ನಡೆಯುತ್ತವೆ. ಎದುರಿಗಿದ್ದ ಸಮುದ್ರ ಬಿಟ್ಟು ಅಷ್ಟು ದೂರದ ಸಮುದ್ರಕ್ಕೆ ಹೋಗುವ ನದಿಯ ನೀರು ಕುಡಿದು ಬೆಳೆದವರು ನಾವು. ಹಾದಿಯ ವಿಷಯದಲ್ಲಿ ಕಾಕಾಗಳು ಯಾರ ಮಾತನ್ನೂ ಕೇಳದಿರುವುದಕ್ಕೆ ಇದೂ ಕಾರಣವಿರಬಹುದು.

ನಾನು ಕಂಡದ್ದು ಗೋಕಾಕದ ಕಾಕಾನನ್ನು. ಗಾಡಿ ಕ್ರೂಸರ್. ಕಾಕಾ ಡ್ರೈವರನ ಪಕ್ಕ, ಹಿಂದೆ ಹೆಂಗಸರು ಮಕ್ಕಳು, ತಲೆಯ ಮೇಲಿನ ಕ್ಯಾರಿಯರಿನಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕರದಂಟಿನ ಡಬ್ಬಿ, ಮತ್ತೆ ಕಾಕಾನ ಹತ್ಯಾರ: ಸೈಕಲ್ಲಿನ ಹಳೇ ರಿಮ್ಮಿಗೆ ನೈಲಾನ್ ಬಲೆ ಹೆಣೆದದ್ದೊಂದು, ಎತ್ತಿನ ಹಗ್ಗ, ಎರಡು ಖಾಲಿ ಯೂರಿಯಾ ಚೀಲ. ಚೀಲ ನೋಡಿ ಕಾಕು ಕೇಳಿದರು, "ಎರಡ ಯಾಕ್ರಿ?" ಕಾಕಾ ಕನ್ನಡಿಯಲ್ಲಿ ಅವರನ್ನು ಕರುಣೆಯಿಂದ ನೋಡಿದರು. "ಒಂದ ತುಂಬಿದ ಮ್ಯಾಲ?"

ಧಾರವಾಡ, ಕಲಘಟಗಿ, ಯಲ್ಲಾಪುರ. ದಾರಿಯುದ್ದಕ್ಕೂ ಏಡಿ ಶಾಸ್ತ್ರ. ಯಲ್ಲಾಪುರ ಬರುವ ಹೊತ್ತಿಗೆ ಮಾತ್ರ ಕಾಕಾನಿಗೆ ನಿದ್ದೆ ಹತ್ತಿತ್ತು. ಇದೇ ತಾಲೂಕಿನ ಬಾರೆ ಎಂಬಲ್ಲಿ ಎರಡು ಬಣ್ಣದ ಹೊಸ ಜಾತಿಯ ಸಿಹಿನೀರಿನ ಏಡಿ ಸಿಕ್ಕು, 2022ರಲ್ಲಿ ಅದಕ್ಕೆ ಘಾಟಿಯಾನಾ ದ್ವಿವರ್ಣ ಎಂದು ಹೆಸರಿಟ್ಟರು ಎಂದು ಹಿಂದಿನ ಸೀಟಿನಿಂದ ಅಣ್ಣನ ಮಗ ಹೇಳಿದ. ಅವನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾನೆ, ಆದ್ದರಿಂದ ಮನೆಯಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಕಾಕಾ ಕಣ್ಣು ಮುಚ್ಚಿಕೊಂಡೇ, "ಹೆಸರ ಇಟ್ಟವ್ರು ಹಿಡದಿದ್ರ ಏನ ಅದನ್ನ, ಕೈಲೆ?" ಎಂದರು. ಅರಬೈಲ್ ಘಟ್ಟದ ತಿರುವುಗಳಲ್ಲಿ ಮಕ್ಕಳು ಸರದಿಯಂತೆ ವಾಂತಿ ಮಾಡಿದವು. ಲಿಂಬೆಹಣ್ಣು ಮೂಸಿ ನೋಡಿದ್ದಾಯಿತು.

ಗೋಕರ್ಣದ ದಂಡೆಯ ಮೇಲೆ ಮೊದಲ ಸಲ ಕಡಲು ಕಂಡಾಗ ಮಕ್ಕಳು ಕಿರುಚಿದವು, ಕಾಕು ಕೈ ಮುಗಿದರು. ಕಾಕಾ ಸೊಂಟದ ಮೇಲೆ ಕೈಯಿಟ್ಟು, ಎಡದಿಂದ ಬಲಕ್ಕೆ ಒಮ್ಮೆ ಅಳೆದು ಕೇಳಿದರು: "ಎಷ್ಟ ಟಿಎಂಸಿ ಆಗಬಹುದು?"

ನಗಬೇಡಿ. ಹಿಡಕಲ್ ಡ್ಯಾಮ್ 51 ಟಿಎಂಸಿ ಎಂಬುದು ನಮ್ಮಲ್ಲಿ ಮಗ್ಗಿಯ ಜೊತೆ ಕಲಿಸುವ ಲೆಕ್ಕ. ಡ್ಯಾಮಿನಲ್ಲಿ ಎಷ್ಟಿದೆ, ಧೂಪದಾಳಕ್ಕೆ ಎಷ್ಟು ಬಂತು, ಕಾಲುವೆಗೆ ಎಂದು ಬಿಡುತ್ತಾರೆ ಎಂಬ ಮೂರು ಪ್ರಶ್ನೆಗಳ ಮೇಲೆ ಮೂರು ತಾಲೂಕಿನ ಲಗ್ನ, ಸಾಲ, ರಾಜಕೀಯ ನಡೆಯುತ್ತವೆ. ನೀರೆಂದರೆ ಯಾರೋ ಹಿಡಿದಿಟ್ಟಿದ್ದು, ಯಾರೋ ಬಿಡಬೇಕಾದ್ದು. ಹೀಗಿರುವಾಗ ಸಂಜೆ ಸಮುದ್ರ ಹಿಂದೆ ಸರಿದು ಮರಳು ತೇಲಿದ್ದನ್ನು ನೋಡಿ ಕಾಕಾ ದಂಡೆಯ ಎಳನೀರಿನವನಿಗೆ "ನೀರ ಯಾಕ ಕಡಿಮಿ ಮಾಡ್ಯಾರ? ಗೇಟ ಯಾರ ಕೈಯಾಗೈತಿ?" ಎಂದು ಕೇಳಿದ್ದರಲ್ಲಿ ತಪ್ಪೇನಿದೆ? ಕರಾವಳಿಯವರು ಇದನ್ನು ಹೇಳಿಕೊಂಡು ಇನ್ನೂ ನಗುತ್ತಿರಬಹುದು. ಆದರೆ ಮೇ ತಿಂಗಳಲ್ಲಿ ಗೋಕಾಕ ಫಾಲ್ಸ್ ನೋಡಲು ಬಂದು, 52 ಮೀಟರಿನ ಒಣ ಬಂಡೆಯ ಮುಂದೆ ನಿಂತು, "ನೀರು ಎಲ್ಲಿಂದ ಬೀಳ್ತದೆ ಮಾರಾಯ್ರೆ?" ಎಂದು ಕೇಳಿದ ಕರಾವಳಿಯವರನ್ನು ನಾವೂ ನೋಡಿದ್ದೇವೆ. ಲೆಕ್ಕ ಸಮ.

ರಾತ್ರಿ ಬ್ಯಾಟರಿ ಹಿಡಿದು ಮರಳ ಏಡಿಯ ಬೇಟೆ. ಮರಳಿನದೇ ಬಣ್ಣದ, ಕಡ್ಡಿಯ ಮೇಲೆ ಕಣ್ಣಿಟ್ಟುಕೊಂಡ ಪ್ರಾಣಿ ಅದು. ಬೆಳಕು ಬಿದ್ದ ಕೂಡಲೇ ತಟ್ಟನೆ ನಿಲ್ಲುತ್ತದೆ, ಕೈ ಹತ್ತಿರ ಬಂದೊಡನೆ ಅಡ್ಡಡ್ಡ ಹಾರಿ ಮಾಯ. ಘಟಪ್ರಭೆಯ ಏಡಿ ಗಂಭೀರ ಸ್ವಭಾವದ್ದು, ಎದುರಿಗೆ ಬಂದವರಿಗೆ ಕೊಂಡಿ ಎತ್ತಿ ನಿಲ್ಲುತ್ತದೆ, ಮರ್ಯಾದೆಯ ಕುಸ್ತಿ. ಇದು ಓಡುವ ಜಾತಿ. ಕಾಕಾ ಬಿಲಕ್ಕೆ ಕೈ ಹಾಕಿದರು. ಮೊಣಕೈ ಹೋಯಿತು, ತೋಳು ಹೋಯಿತು, ಕೊನೆಗೆ ಕೆನ್ನೆ ಮರಳಿಗೆ ತಾಗಿತು. ಇವುಗಳ ಬಿಲ ಒಂದು ಮೀಟರಿಗೂ ಆಳ ಹೋಗುವುದುಂಟು, ಕೆಲವಕ್ಕೆ ಎರಡನೇ ಬಾಗಿಲೂ ಉಂಟು. ಕಾಕಾ "ಸಿಕ್ತು, ಸಿಕ್ತು" ಎನ್ನುತ್ತಿರುವಾಗಲೇ ಅದು ಹಿಂದಿನ ಬಾಗಿಲಿನಿಂದ ಬಂದು ಅವರ ಬೆನ್ನ ಹಿಂದೆ ನಿಂತು ನೋಡುತ್ತಿತ್ತು. ಅಣ್ಣನ ಮಗ ತೆಗೆದ ಆ ವಿಡಿಯೊ ಬೆಳಗಾಗುವುದರೊಳಗೆ ಗೋಕಾಕ ಮುಟ್ಟಿ, ಮೂಡಲಗಿಯ ಬೀಗರಿಂದ "ಕಾಕಾರು ಸಮುದ್ರಕ್ಕ ಅಡ್ಡ ಬಿದ್ದಾರೇನ್ರಿ?" ಎಂದು ಫೋನು ಬಂತು.

"ಅವು ಏಡಿ ಅಲ್ಲ," ಎಂದು ಕಾಕಾ ತೀರ್ಪು ಕೊಟ್ಟರು. "ಜ್ಯಾಡ ಅದಾವ. ಖರೇ ಏಡಿ ಕೆಸರಾಗ ಇರತಾವ."

ಇದು ಮಾತ್ರ ನೂರಕ್ಕೆ ನೂರು ಸತ್ಯ. ಮರುದಿನ ತದಡಿಗೆ ಹೋದೆವು. ಅಘನಾಶಿನಿ ಸಮುದ್ರ ಸೇರುವ ಜಾಗ, ಕಾಂಡ್ಲದ ಬೇರು, ಮೊಣಕಾಲುದ್ದ ಕೆಸರು, ಅದರೊಳಗೆ ಅಂಗೈ ಮೀರಿದ ಹಸಿರುಗಪ್ಪು ಏಡಿ. ಒಬ್ಬ ಮುದುಕ ಅಂಬಿಗರು ನಮ್ಮನ್ನು ದೋಣಿಗೆ ಹತ್ತಿಸಿಕೊಳ್ಳಲು ಒಪ್ಪಿದರು. ರಿಮ್ಮಿನ ಬಲೆ ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರದೂ ಹೆಚ್ಚುಕಡಿಮೆ ಅಂಥದೇ. ಕಾಕಾನ ಎದೆ ಎರಡು ಬೆರಳು ಉಬ್ಬಿತು. ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದರು: "ಅಜ್ಜಾರ, ಇಲ್ಲಿ ನೀರ ಯಾವಾಗ ಬಿಡ್ತಾರ್ರಿ?"

"ಅದು ಬಿಡೂದಲ್ಲ, ಬರೂದು," ಎಂದರು ಅಂಬಿಗರು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತಿನ ಹೊತ್ತಿಗೆ ನಾಳೆ ಬರುವುದಿಲ್ಲ, ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ಜೋರು. ಕಾಕಾ ತಲೆ ಆಡಿಸಿದರು. "ತಿಳೀತ ಬಿಡ್ರಿ. ನಮ್ಮ ಪಂಪಸೆಟ್ಟಿನ ತ್ರೀ ಫೇಜ್ ಇದ್ದಂಗ. ದಿನಾ ಟೈಮ್ ಬದಲಿ, ಆದ್ರ ನಿಮ್ಮದು ಹೇಳಿದ ಟೈಮಿಗಿ ಬರತೈತಿ." ಭರತ ಇಳಿತದ ಬಗ್ಗೆ ಇಷ್ಟು ಚೊಕ್ಕ ವಿವರಣೆ ನಾನು ಪಠ್ಯಪುಸ್ತಕದಲ್ಲೂ ಓದಿಲ್ಲ.

ಆಮೇಲೆ ನಡೆದದ್ದು ಕಾಕಾನ ಜನ್ಮದ ಗೆಲುವು. ದೋಣಿ ಗಜನಿ ಗದ್ದೆಯ ಒಡ್ಡಿನ ಪಕ್ಕ ಹಾಯಿತು. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗದ್ದೆಗಳು ಅವು. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಟ್ಟುಕೊಂಡರೆ ಅದರ ಜೊತೆ ಮೀನು, ಸೀಗಡಿ, ಏಡಿ ಎಲ್ಲ ಬರುತ್ತವೆ. ನೀರು ಬಿಡಲು, ತಡೆಯಲು ಒಡ್ಡಿಗೆ ಹಲಗೆಯ ಬಾಗಿಲು. ಕಾಕಾ ದೋಣಿಯಲ್ಲಿ ಎದ್ದೇ ನಿಂತರು. "ಗೇಟ್! ಹೇಳಿದ್ನೋ ಇಲ್ಲೋ? ಗೇಟ್ ಐತಿ ಅಂತ ಹೇಳಿದ್ನೋ ಇಲ್ಲೋ?" ದೋಣಿ ಅಲ್ಲಾಡಿತು, ಕಾಕು ಕಿರುಚಿದರು, ಅಂಬಿಗರು ಮೊದಲ ಸಲ ಸಿಟ್ಟಾದರು: "ಕೂತ್ಕಳಿ ಮಾರಾಯ್ರೇ, ಏಡಿ ಹಿಡ್ಯೂದು ಬಿಟ್ಟು ನಿಮ್ಮನ್ನ ಹಿಡ್ಯೂ ಹಾಂಗೆ ಆಗ್ತದೆ."

ಹಗ್ಗದ ತುದಿಗೆ ಮೀನಿನ ತಲೆ ಕಟ್ಟಿ ಬಿಟ್ಟು ಕಾಯಬೇಕು. ಏಡಿ ಹಿಡಿದರೆ ಹಗ್ಗ ಸ್ವಲ್ಪ ಬಿಗಿಯುತ್ತದೆ. ಆಗ ಉಸಿರು ಬಿಗಿಹಿಡಿದು, ಬೆರಳಿಂದ ಬೆರಳಿಗೆ ಸರಿಸಿ ಎಳೆಯಬೇಕು. ನೀರಿನೊಳಗೆ ಇರುವವರೆಗೆ ತಿಂಡಿಯ ಆಸೆಗೆ ಅದು ಬಿಡುವುದಿಲ್ಲ, ಮೇಲೆ ಬರುವ ಮೊದಲೇ ಬಲೆಯನ್ನು ಅಡಿಗೆ ತೂರಿಸಬೇಕು. ಇಡೀ ವಿದ್ಯೆಯಲ್ಲಿ ಬೇಕಾದದ್ದು ಎರಡೇ: ಸುಮ್ಮನಿರುವುದು ಮತ್ತು ನಿಧಾನ. ಗೋಕಾಕದಲ್ಲಿ ಇವೆರಡೂ ಬೆಳೆಯುವುದಿಲ್ಲ. ಕಾಕಾನ ಕೈ ಬಾವಿಯಿಂದ ಕೊಡ ಸೇದಿ ರೂಢಿಯಾದದ್ದು. ಹಗ್ಗ ಬಿಗಿದಾಗಲೆಲ್ಲ "ಬಂತs!" ಎಂದು ಕೂಗಿ ಒಂದೇ ಜಗ್ಗಿಗೆ ಎಳೆದರು. ಮೀನಿನ ತಲೆ ಹಾರಿ ಬಂದು ಒಮ್ಮೆ ಕಾಕುವಿನ ಇಳಕಲ್ ಸೀರೆಯ ಮೇಲೆ ಬಿತ್ತು. ಆ ಸೀರೆಯ ವಿಷಯ ಮನೆಯಲ್ಲಿ ಇಂದಿಗೂ ಮುಗಿದಿಲ್ಲ.

ಹುಡುಗರ ಹಗ್ಗಕ್ಕೆ ಒಂದು ಬಂತು. ಅಂಬಿಗರು ಅದನ್ನು ಮಗುಚಿ ಹೊಟ್ಟೆ ತೋರಿಸಿದರು: ಕಿರಿದಾದ ಮೂರು ಮೂಲೆಯ ಮಡಿಕೆಯಿದ್ದರೆ ಗಂಡು, ಅಗಲ ಗುಂಡಗಿದ್ದರೆ ಹೆಣ್ಣು. ಇದು ಇನ್ನೂ ಸಣ್ಣದು ಎಂದು ನೀರಿಗೆ ಬಿಟ್ಟರು. ಯೂರಿಯಾ ಚೀಲಗಳು ಮಡಚಿಟ್ಟಲ್ಲೇ ಇದ್ದವು.

ಖಾಲಿ ಕೈಯಲ್ಲಿ ಹೋಗುವುದು ಕಾಕಾನ ರಕ್ತದಲ್ಲಿಲ್ಲ. ದಂಡೆಯಲ್ಲಿ ಮಾರುವ ಹೆಂಗಸಿನ ಹತ್ತಿರ ಎರಡು ಏಡಿ ಕೊಂಡರು, ಕೊಂಡಿಗೆ ಹಗ್ಗ ಬಿಗಿದವು. ಒಂದು ಗಂಡು, ಒಂದು ಹೆಣ್ಣು, ಹೊಟ್ಟೆ ನೋಡಿಯೇ ಆರಿಸಿದ್ದು. ತೂಕದ ಮುಂದೆ ದೊಡ್ಡ ಜಗಳ. ವರ್ಷವಿಡೀ ಕಬ್ಬಿನ ತೂಕದಲ್ಲಿ ಹೊಡೆತ ತಿಂದ ಮನುಷ್ಯ, ಹಗ್ಗ ಬಿಚ್ಚಿ ಕಾಟಾ ಮಾಡಬೇಕು ಎಂದು ಹಟ ಹಿಡಿದರು. "ಬಿಚ್ಚಿ, ನಿಮ್ಮ ಕೈಯಿಂದಲೇ ಬಿಚ್ಚಿ," ಎಂದಳು ಆಕೆ. ಕಾಕಾ ಬಲಗೈ ತೋರುಬೆರಳನ್ನು ಒಮ್ಮೆ ನೋಡಿಕೊಂಡು ದುಡ್ಡು ಕೊಟ್ಟರು.

ತಿನ್ನದವರಿಗೆ ಏಡಿ ಯಾಕೆ? ಉತ್ತರ ಘಟ್ಟ ಹತ್ತುವಾಗ ಸಿಕ್ಕಿತು. "ನಮ್ಮ ಹೊಳ್ಯಾಗ ಬಿಡೂದು. ತಳಿ ಸುಧಾರಿಸ್ತೈತಿ. ಎಮ್ಮಿ ಸುಧಾರಿಸಿದ್ವಿ, ಕಬ್ಬ ಸುಧಾರಿಸಿದ್ವಿ, ಏಡಿ ಯಾಕ ಬಿಡಬೇಕು?" ಅಣ್ಣನ ಮಗ ತಡೆಯಲಾರದೆ ವಿವರಿಸಿದ. ಕೆಸರೇಡಿಯ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಯಿಡಲು ಕಡಲಿಗೇ ಹೋಗಬೇಕು. ಉಪ್ಪುನೀರಿಲ್ಲದೆ ಮರಿ ಬದುಕುವುದಿಲ್ಲ. ನಮ್ಮ ಹೊಳೆಯ ಏಡಿಯದು ಬೇರೆ ಸಂಸಾರ: ಮೊಟ್ಟೆಯೂ ಹೊಟ್ಟೆಯ ಮಡಿಕೆಯಲ್ಲೇ, ಒಡೆದು ಬರುವುದೂ ಪೂರ್ತಿ ಆಕಾರದ ಪುಟ್ಟ ಏಡಿಯೇ, ಅವನ್ನು ಕೆಲ ದಿನ ತಾಯಿ ಅಲ್ಲೇ ಹೊತ್ತು ತಿರುಗುತ್ತದೆ. ಎರಡಕ್ಕೂ ಸಂಬಂಧ ಕೂಡುವುದಿಲ್ಲ. ಕಾಕಾ ಎಲ್ಲ ಕೇಳಿಸಿಕೊಂಡರು. "ನಮ್ಮವು ಸಂಭಾಯ್ತ ಅದಾವ ಅನ್ನು," ಎಂದು ಹೆಮ್ಮೆಪಟ್ಟರು. ಯೋಜನೆ ಬದಲಾಗಲಿಲ್ಲ.

ಗೋಕಾಕ ಮುಟ್ಟಿದಾಗ ನಡುರಾತ್ರಿ. ಚೀಲ ಹೊಸ್ತಿಲು ದಾಟಿದರೆ ತಾವು ತವರಿಗೆ ದಾಟುವುದಾಗಿ ಕಾಕು ಹೇಳಿದರು. ಕಾಕಾ ಡ್ರೈವರನನ್ನು ಕರೆದು, ಲೋಳಸೂರ ಸೇತುವೆಯ ಕೆಳಗೆ ಮಡು ನೋಡಿ, ಹಗ್ಗ ಬಿಚ್ಚಿ, ಎರಡನ್ನೂ ಒಟ್ಟಿಗೇ ಬಿಡಬೇಕೆಂದು ತಾಕೀತು ಮಾಡಿದರು. ಡ್ರೈವರ್ "ಹೂನ್ರೀ ಕಾಕಾರ" ಎಂದ. ಅವನ ಮನೆಯಲ್ಲಿ ಸಣ್ಣ ಮಗನಿಗೆ ವಾರದಿಂದ ನೆಗಡಿ, ಕೆಮ್ಮು. ಏಡಿಯ ಸಾರಿಗೆ ಕೆಮ್ಮು ನಿಲ್ಲುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಮರುದಿನ ಮಧ್ಯಾಹ್ನ ಆ ಓಣಿಯಲ್ಲಿ ಹಾದು ಹೋದವರಿಗೆಲ್ಲ ಮಸಾಲೆಯ ವಾಸನೆ ಬಂದಿತ್ತು.

ಈಗ ಮಳೆಗಾಲದಲ್ಲಿ ಹೊಳೆಯಲ್ಲಿ ಯಾರಿಗಾದರೂ ಸ್ವಲ್ಪ ದೊಡ್ಡ ಏಡಿ ಸಿಕ್ಕರೆ ಹುಡುಗರು ಅದನ್ನು ಕಾಕಾನಿಗೆ ತೋರಿಸಲು ತರುತ್ತಾರೆ. ಕಾಕಾ ಕನ್ನಡಕ ಏರಿಸಿ, ಮಗುಚಿ, ಹೊಟ್ಟೆ ನೋಡಿ, "ತದಡಿ ರಕ್ತ" ಎನ್ನುತ್ತಾರೆ. ಡ್ರೈವರ್ ಪಕ್ಕದಲ್ಲೇ ಇದ್ದರೂ ಏನೂ ಅನ್ನುವುದಿಲ್ಲ, ಬರುವ ಮೇ ತಿಂಗಳ ಬಾಡಿಗೆಯನ್ನೂ ಕಾಕಾ ಅವನಿಗೇ ಹೇಳಿಟ್ಟಿದ್ದಾರೆ.