ಟೆನಿಸ್ ಮಹಾಪ್ರಭುಗಳಿಗೆ ಒಂದು ಬಿನ್ನವತ್ತಳೆ

ಎಟಿಪಿ, ಡಬ್ಲ್ಯುಟಿಎ, ಐಟಿಎಫ್ ಮತ್ತು ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳ ಸಮಸ್ತ ಅಧಿಪತಿಗಳ ಸನ್ನಿಧಾನಕ್ಕೆ ಸಾಷ್ಟಾಂಗ ನಮಸ್ಕಾರಗಳು.

‘ಇತ್ತ ಎಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುವುದು’ ಎಂದು ಪತ್ರ ಆರಂಭಿಸುವುದು ನಮ್ಮ ಕಡೆಯ ವಾಡಿಕೆ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುವುದಿಲ್ಲ. 2025ರ ಯು.ಎಸ್. ಓಪನ್‌ನಲ್ಲಿ 9 ಕೋಟಿ ಡಾಲರ್ ಬಹುಮಾನ ಹಂಚಿದ್ದು, ಸಿಂಗಲ್ಸ್ ಗೆದ್ದವರಿಗೆ ತಲಾ 50 ಲಕ್ಷ ಡಾಲರ್ ಕೊಟ್ಟದ್ದು ಎಲ್ಲರಿಗೂ ಗೊತ್ತು. ಇತ್ತಣ ಕ್ಷೇಮ ಹೇಗಿದೆಯೆಂದು ತಮ್ಮ ಕ್ರೀಡೆಯೇ ನೇಮಿಸಿಕೊಂಡ ಸ್ವತಂತ್ರ ಪರಿಶೀಲನಾ ಸಮಿತಿ 2018ರಲ್ಲೇ ಬರೆದುಕೊಟ್ಟಿದೆ. ವೃತ್ತಿಪರರು ಎಂಬ ಹೆಸರು ಹೊತ್ತವರು ಸುಮಾರು 15 ಸಾವಿರ. ಹಾಕಿದ ಖರ್ಚನ್ನು ಆಟದಿಂದಲೇ ವಾಪಸು ಕಾಣುವವರು 250ರಿಂದ 350 ಮಂದಿ.

ಮಿಕ್ಕವರು ಕೈಯಿಂದ ಕಾಸು ಹಾಕಿ ತಮ್ಮ ಉದ್ಯಮವನ್ನು ನಡೆಸಿಕೊಡುತ್ತಿದ್ದಾರೆ. ಸಂಬಳ ಕೇಳದೆ, ತಾವೇ ದುಡ್ಡು ತೆತ್ತು ದುಡಿಯುವ ಇಷ್ಟೊಂದು ಕೆಲಸಗಾರರನ್ನು ಸಂಪಾದಿಸಿದ್ದಕ್ಕೆ ಮೊದಲು ಅಭಿನಂದನೆ.

ತಮ್ಮ ಮಿತವ್ಯಯಕ್ಕೆ ಸುಮಿತ್ ನಾಗಲ್ ಅವರ ಪಾಸ್‌ಬುಕ್ಕೇ ಸಾಕ್ಷಿ. 2019ರ ಯು.ಎಸ್. ಓಪನ್‌ನಲ್ಲಿ ರೋಜರ್ ಫೆಡರರ್‌ರಿಂದ ಮೊದಲ ಸೆಟ್ ಕಿತ್ತುಕೊಂಡಿದ್ದ ಈ ಹುಡುಗ 2023ರ ಸೆಪ್ಟೆಂಬರ್‌ನಲ್ಲಿ ಭಾರತದ ನಂಬರ್ 1, ವಿಶ್ವದಲ್ಲಿ 159. ಬ್ಯಾಂಕಿನಲ್ಲಿ ಉಳಿದಿರುವುದು 900 ಯೂರೊ ಎಂದು ಆಗ ಅವರೇ ಹೇಳಿದರು. ಆ ವರ್ಷ ಅಷ್ಟು ಹೊತ್ತಿಗೆ 24 ಟೂರ್ನಿ ಆಡಿ ದುಡಿದದ್ದು ಸುಮಾರು 65 ಲಕ್ಷ ರೂಪಾಯಿ. ಒಬ್ಬನೇ ಕೋಚ್ ಜೊತೆ ಊರೂರು ಸುತ್ತಿದರೂ ವರ್ಷಕ್ಕೆ ತಗಲುವುದು 80 ಲಕ್ಷದಿಂದ 1 ಕೋಟಿ. ಆ ಸಂಪಾದನೆಯಲ್ಲಿ ಅತಿ ದೊಡ್ಡ ಚೆಕ್ ಬಂದದ್ದು ಯಾವುದೋ ಟ್ರೋಫಿ ಗೆದ್ದದ್ದಕ್ಕಲ್ಲ, ಯು.ಎಸ್. ಓಪನ್ ಅರ್ಹತಾ ಸುತ್ತಿನಲ್ಲಿ ಸೋತದ್ದಕ್ಕೆ: ಸುಮಾರು 18 ಲಕ್ಷ. ಸಣ್ಣ ಊರಿನಲ್ಲಿ ಗೆಲ್ಲುವುದಕ್ಕಿಂತ ನ್ಯೂಯಾರ್ಕಿನಲ್ಲಿ ಸೋಲುವುದು ಲಾಭ ಎಂಬ ಈ ಅರ್ಥಶಾಸ್ತ್ರ ಕೌಟಿಲ್ಯನಿಗೂ ಹೊಳೆದಿರಲಿಲ್ಲ.

ಅದೇ ಮನುಷ್ಯ 2024ರ ಜನವರಿಯಲ್ಲಿ ಅರ್ಹತಾ ಸುತ್ತು ದಾಟಿ ಆಸ್ಟ್ರೇಲಿಯನ್ ಓಪನ್‌ಗೆ ಬಂದು 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಮಣಿಸಿದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತ ಆಟಗಾರನನ್ನು ಭಾರತೀಯನೊಬ್ಬ ಸೋಲಿಸಿದ್ದು 1989ರ ರಮೇಶ್ ಕೃಷ್ಣನ್ ನಂತರ ಅದೇ ಮೊದಲು. ಎರಡನೇ ಸುತ್ತಿಗೆ ಏರಿದ್ದಕ್ಕೆ ಸಿಕ್ಕಿದ್ದು 1 ಲಕ್ಷ 80 ಸಾವಿರ ಆಸ್ಟ್ರೇಲಿಯನ್ ಡಾಲರ್, ಹತ್ತಿರಹತ್ತಿರ 1 ಕೋಟಿ ರೂಪಾಯಿ. ಆ ಜುಲೈನಲ್ಲಿ ರ‍್ಯಾಂಕ್ 68. ಆದರೆ ಇಲ್ಲಿ ಪಾಯಿಂಟುಗಳಿಗೆ ಆಯುಸ್ಸು 52 ವಾರ ಮಾತ್ರ. ಮರುವರ್ಷ ಅಷ್ಟೇ ಗಳಿಸದಿದ್ದರೆ ಹಳೆಯದು ತಾನಾಗಿ ಉದುರುತ್ತದೆ. 2025ರಲ್ಲಿ ನಾಗಲ್ ಮತ್ತೆ ನೂರರ ಹೊರಗೆ.

ಇಷ್ಟು ಮೇಲೇರದವರ ಕಥೆ ಇನ್ನೂ ಚೆಂದ. ಐಟಿಎಫ್‌ನ 15 ಸಾವಿರ ಡಾಲರ್ ಟೂರ್ನಿಯಲ್ಲಿ ಸಿಂಗಲ್ಸ್ ಮೊದಲ ಸುತ್ತಿಗೇ ಸೋತರೆ 156 ಡಾಲರ್, ಅಂದರೆ 13 ಸಾವಿರ ರೂಪಾಯಿಯ ಆಸುಪಾಸು. ರ‍್ಯಾಂಕಿಂಗ್ ಪಾಯಿಂಟು ಸೊನ್ನೆ. ಐದು ಪಂದ್ಯ ಗೆದ್ದು ಟ್ರೋಫಿ ಎತ್ತಿದರೆ 2,160 ಡಾಲರ್. ವಿಮಾನ, ಹೋಟೆಲ್, ಊಟ, ರ‍್ಯಾಕೆಟ್ಟಿನ ತಂತಿ ಎಲ್ಲವೂ ಇದರಲ್ಲೇ ಆಗಬೇಕು. ಅಮೆರಿಕದ ನ್ಯೂಪೋರ್ಟ್‌ನಲ್ಲಿ 2018ರಲ್ಲಿ ಎಟಿಪಿ ಫೈನಲ್ ಆಡಿ 111ನೇ ರ‍್ಯಾಂಕ್ ಮುಟ್ಟಿದ್ದ ರಾಮ್‌ಕುಮಾರ್ ರಾಮನಾಥನ್ 2023ರ ಕೊನೆಗೆ ಧಾರವಾಡದಲ್ಲಿ ಗೆದ್ದರು, ಕಲಬುರಗಿಯಲ್ಲೂ ಗೆದ್ದರು. ಎರಡೂ 25 ಸಾವಿರ ಡಾಲರ್ ಟೂರ್ನಿಗಳು. ವಾರವಿಡೀ ಯಾರಿಗೂ ಸೋಲದವನಿಗೆ 3,600 ಡಾಲರ್. ಪೇಢಾ ಮತ್ತು ತೊಗರಿಬೇಳೆಯ ಖರ್ಚು ಪ್ರತ್ಯೇಕ.

ಆಟಗಾರರಲ್ಲಿ ಬಹುಮುಖ ಪ್ರತಿಭೆ ಬೆಳೆಸಿದ ಶ್ರೇಯಸ್ಸೂ ತಮ್ಮದೇ. ಡಸ್ಟಿನ್ ಬ್ರೌನ್ ತಂದೆ-ತಾಯಿ ಕೊಡಿಸಿದ ಕ್ಯಾಂಪರ್ ವ್ಯಾನಿನಲ್ಲಿ ಮಲಗೆದ್ದು ಯುರೋಪಿನ ಟೂರ್ನಿಗಳನ್ನು ಸುತ್ತಿದರು, ಪೆಟ್ರೋಲಿನ ಕಾಸಿಗೆ ಬೇರೆಯವರ ರ‍್ಯಾಕೆಟ್ಟಿಗೆ ತಂತಿ ಬಿಗಿದರು. ಮುಂದೆ 2015ರ ವಿಂಬಲ್ಡನ್‌ನಲ್ಲಿ ಅವರ ಕೈಲಿ ಸೋತವರ ಹೆಸರು ರಫೆಲ್ ನಡಾಲ್. 2016ರಲ್ಲಿ 772ನೇ ರ‍್ಯಾಂಕಿನ ಮಾರ್ಕಸ್ ವಿಲ್ಲಿಸ್ ಗಂಟೆಗೆ 30 ಪೌಂಡ್‌ಗೆ ಕ್ಲಬ್ಬಿನಲ್ಲಿ ಪಾಠ ಹೇಳುತ್ತಿದ್ದವರು. ಅರ್ಹತಾ ಸುತ್ತುಗಳನ್ನು ದಾಟಿ, ವಿಂಬಲ್ಡನ್‌ನ ಮೊದಲ ಸುತ್ತೂ ಗೆದ್ದು, ಸೆಂಟರ್ ಕೋರ್ಟಿನಲ್ಲಿ ಫೆಡರರ್ ಎದುರು ನಿಂತರು. ಇಂಥ ಕಥೆಗಳನ್ನು ತಾವು ಟಿ.ವಿ.ಯಲ್ಲಿ ಹಿನ್ನೆಲೆ ಸಂಗೀತದೊಡನೆ ತೋರಿಸುತ್ತೀರಿ. 771ನೆಯವರ, 773ನೆಯವರ ಕಥೆಗೆ ಸಂಗೀತ ಸಿಕ್ಕಿಲ್ಲ.

ಐರ್ಲೆಂಡಿನ ಕಾನರ್ ನಿಲಾಂಡ್‌ಗೂ ಸಿಗಲಿಲ್ಲ. 129ನೇ ರ‍್ಯಾಂಕ್‌ಗಿಂತ ಮೇಲೆ ಅವರಿಗೆ ಏರಲಾಗಲಿಲ್ಲ. 2011ರ ವಿಂಬಲ್ಡನ್ ಮೊದಲ ಸುತ್ತಿನ ಐದನೇ ಸೆಟ್‌ನಲ್ಲಿ 4–1 ಮುಂದಿದ್ದರು. ಗೆದ್ದಿದ್ದರೆ ಮುಂದಿನ ಎದುರಾಳಿ ಫೆಡರರ್. ಸೋತರು. ಅದೇ ವರ್ಷ ಯು.ಎಸ್. ಓಪನ್‌ನಲ್ಲಿ ಜೊಕೊವಿಚ್ ಜೊತೆ ಆಡುವ ಯೋಗ ಬಂದಾಗ ಹೊಟ್ಟೆಗೆ ವಿಷಾಹಾರ ಸೇರಿ ಅರ್ಧಕ್ಕೆ ಎದ್ದುಬಂದರು. ಆ ಬದುಕನ್ನೇ ಅವರು ‘ದ ರ‍್ಯಾಕೆಟ್’ ಎಂಬ ಪುಸ್ತಕವಾಗಿಸಿದರು. ಅದಕ್ಕೆ 2024ರ ವಿಲಿಯಂ ಹಿಲ್ ಕ್ರೀಡಾ ಪುಸ್ತಕ ಪ್ರಶಸ್ತಿ ಬಂತು. ಪ್ರಶಸ್ತಿ ಕೊಡುವುದು ಬೆಟ್ಟಿಂಗ್ ಕಂಪನಿ.

ಬೆಟ್ಟಿಂಗ್ ಎಂದೊಡನೆ ತಮ್ಮ ದೂರದೃಷ್ಟಿಯನ್ನು ನೆನೆಯದಿರಲಾಗದು. ಈ ಸಣ್ಣ ಪಂದ್ಯಗಳಿಗೆ ಪ್ರೇಕ್ಷಕರಿಲ್ಲ. ಆಟಗಾರನ ಅಪ್ಪ, ಎದುರಾಳಿಯ ಗೆಳತಿ ಬಂದರೆ ಗ್ಯಾಲರಿ ತುಂಬಿದ ಲೆಕ್ಕ. ಆದರೂ ಐಟಿಎಫ್ 2012ರಲ್ಲೇ ಇವುಗಳ ನೇರ ಸ್ಕೋರಿನ ಹಕ್ಕನ್ನು ಸ್ಪೋರ್ಟ್‌ರಾಡಾರ್ ಕಂಪನಿಗೆ ಮಾರಿತು. ಅಲ್ಲಿಂದ ಮುಂದೆ ಖಾಲಿ ಕೋರ್ಟಿನ ಒಂದೊಂದು ಪಾಯಿಂಟಿನ ಮೇಲೂ ಜಗತ್ತಿನ ಯಾವುದೋ ಮೂಲೆಯಲ್ಲಿ ಪಂದ್ಯ ಕಟ್ಟುವವರು ಹುಟ್ಟಿಕೊಂಡರು. 156 ಡಾಲರಿಗೆ ಬೆವರು ಸುರಿಸುವವನ ಕಿವಿಯಲ್ಲಿ ‘ಎರಡನೇ ಸೆಟ್ ಬಿಟ್ಟುಕೊಡು, ಸಾವಿರಗಟ್ಟಲೆ ಕೊಡುತ್ತೇವೆ’ ಎಂದು ಪಿಸುಗುಟ್ಟುವವರೂ ಬಂದರು. ಗ್ರಿಗೊರ್ ಸರ್ಗ್‌ಸ್ಯಾನ್ ಎಂಬಾತನ ಜಾಲದಲ್ಲಿ 180ಕ್ಕೂ ಹೆಚ್ಚು ಆಟಗಾರರಿದ್ದರು. 2023ರಲ್ಲಿ ಬೆಲ್ಜಿಯಂ ನ್ಯಾಯಾಲಯ ಆತನಿಗೆ ಐದು ವರ್ಷ ಸಜೆ ವಿಧಿಸಿತು. ಆಮಿಷಕ್ಕೆ ಬಗ್ಗದೆ ಪ್ರಾಮಾಣಿಕವಾಗಿ ಸೋತವರಿಗೂ ಬಹುಮಾನವುಂಟು: ಬೈಗುಳ. 2024ರಲ್ಲಿ ಆಟಗಾರರಿಗೆ ಬಂದ ಸುಮಾರು 8 ಸಾವಿರ ನಿಂದನೆಯ ಪೋಸ್ಟ್‌ಗಳಲ್ಲಿ ಶೇ 40ರಷ್ಟು ಜೂಜಿನಲ್ಲಿ ಸೋತು ಸಿಟ್ಟಾದವರದೆಂದು ಡಬ್ಲ್ಯುಟಿಎ ಮತ್ತು ಐಟಿಎಫ್‌ಗಳೇ ಲೆಕ್ಕ ಕೊಟ್ಟಿವೆ.

ತಾವು ಏನೂ ಮಾಡಿಲ್ಲವೆಂದರೆ ಅಪಚಾರವಾದೀತು. ಎಟಿಪಿ 2024ರಲ್ಲಿ ‘ಬೇಸ್‌ಲೈನ್’ ಯೋಜನೆ ತಂದಿತು. ಆ ವರ್ಷ ಮೊದಲ ನೂರರೊಳಗಿನವರಿಗೆ ಕನಿಷ್ಠ 3 ಲಕ್ಷ ಡಾಲರ್, 175ರವರೆಗೆ ಒಂದೂವರೆ ಲಕ್ಷ, 250ರವರೆಗೆ 75 ಸಾವಿರ ಖಾತರಿಯಿತ್ತು. ಒಳ್ಳೆಯ ಕೆಲಸವೇ. ಆದರೆ ಪಂಕ್ತಿಯ 250ನೇ ಎಲೆಯವರೆಗೆ ಹೋಳಿಗೆ ಬಡಿಸಿ, ಮುಂದಿನವನ ಎದುರು ಬುಟ್ಟಿ ಬೋರಲು ಹಾಕಿದಂತಾಗಿದೆ.

ಕೊನೆಯ ಬಿನ್ನಹಗಳು ಮೂರೇ. ಖಾತರಿಯ ಗೆರೆಯನ್ನು 250ರಿಂದ 500ಕ್ಕೆ ಇಳಿಸಿ. 15 ಸಾವಿರ ಡಾಲರಿನ ಟೂರ್ನಿಗಳಲ್ಲಿ ಮುಖ್ಯ ಸುತ್ತು ಆಡುವ ಎಲ್ಲರಿಗೂ ಊಟ-ವಸತಿಯನ್ನು ಕಡ್ಡಾಯ ಮಾಡಿ. ಸ್ಕೋರು ಮಾರಿ ಬಂದ ಹಣದಲ್ಲಿ ಆ ಸ್ಕೋರನ್ನು ಆಡಿ ತೋರಿಸಿದವರಿಗೊಂದು ಪಾಲು ಎತ್ತಿಡಿ. ಇದಕ್ಕೆ ಹಣವಿಲ್ಲ ಎನ್ನುವುದಾದರೆ, 9 ಕೋಟಿ ಡಾಲರಿನ ಲೆಕ್ಕವನ್ನು ಇನ್ನೊಮ್ಮೆ ಕೂಡಿಸಿ ನೋಡಿ.

ಇಂತಿ,
ರ‍್ಯಾಂಕಿಂಗ್ ಪಟ್ಟಿಯ ಎರಡನೇ ಪುಟವನ್ನೂ ತೆರೆದು ಓದುವ ಒಬ್ಬ ಪ್ರೇಕ್ಷಕ